ಹಿಮವನ್ನು ಆಕಾಶದಿಂದ ತೂಗುವ ಬಗೆ

ಕೇಳುಗರಿಗೆಲ್ಲ ನಮಸ್ಕಾರ.

ಗ್ರೀನ್‌ಲ್ಯಾಂಡಿನಲ್ಲಿ ಈ ವರ್ಷ ಇಷ್ಟು ಸಾವಿರ ಕೋಟಿ ಟನ್ ಹಿಮ ಕರಗಿತು ಅಂತ ಸುದ್ದಿಯಲ್ಲಿ ಆಗಾಗ ಕೇಳುತ್ತೇವೆ. ಆದರೆ ಅದನ್ನು ತೂಗಿದ್ದು ಹೇಗೆ ಅನ್ನುವುದನ್ನು ಮಾತ್ರ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ನನಗೆ ಅದೇ ಮುಖ್ಯ ಅನಿಸುತ್ತದೆ. ಅಳತೆ ಹೇಗೆ ನಡೆಯಿತು ಅಂತ ಗೊತ್ತಾದ ಮೇಲೇ ಅಲ್ವಾ, ಆ ಸಂಖ್ಯೆಯನ್ನು ನಂಬಬೇಕೋ ಬೇಡವೋ ಅಂತ ನಾವು ತೀರ್ಮಾನ ಮಾಡಲು ಆಗುವುದು?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಮುದ್ರದಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರ ಭಾರವನ್ನು ಸಮುದ್ರ ಆಗಲೇ ಹೊತ್ತಿರುತ್ತದೆ. ನೆಲದ ಮೇಲೆ ಕೂತ ಹಿಮ ಹಾಗಲ್ಲ. ಗ್ರೀನ್‌ಲ್ಯಾಂಡಿನ ಹಿಮ ಪೂರ್ತಿ ಕರಗಿದರೆ ಸಮುದ್ರ 7 ಮೀಟರಿಗೂ ಜಾಸ್ತಿ ಏರುತ್ತದೆ, ಅಂಟಾರ್ಕ್ಟಿಕಾದ ಹಿಮ ಕರಗಿದರೆ ಇನ್ನೂ 58 ಮೀಟರಿನಷ್ಟು. ಅಷ್ಟೂ ಕರಗುವುದು ನಮ್ಮ ಕಾಲದಲ್ಲಿ ಆಗುವ ಮಾತಲ್ಲ. ಆದರೆ ಅದರಲ್ಲಿ ನೂರಕ್ಕೆ ಒಂದು ಪಾಲು ಹೋದರೂ ಲೋಕದ ಎಲ್ಲ ಕರಾವಳಿಗೂ ತೊಂದರೆ ತಪ್ಪಿದ್ದಲ್ಲ.

ಫೋಟೋ ತೆಗೆದರೆ ಸಾಲದೇ? ಸಾಲದು. ಫೋಟೋದಲ್ಲಿ ಅಗಲ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಗ್ರೀನ್‌ಲ್ಯಾಂಡಿನ ನಡುಭಾಗದಲ್ಲಿ ಹಿಮ 3 ಕಿಲೋಮೀಟರಿನಷ್ಟು ದಪ್ಪ ಇದೆ. ಅದರಲ್ಲಿ ಒಂದು ಮೀಟರ್ ಇಳಿದರೂ ಮೇಲಿನಿಂದ ನೋಡುವ ಕಣ್ಣಿಗೆ ಅದೇ ಬಿಳಿ.

2002ರ ಮಾರ್ಚ್ 17ರಂದು ರಷ್ಯಾದ ಪ್ಲೆಸೆಟ್ಸ್ಕ್‌ನಿಂದ ಎರಡು ಉಪಗ್ರಹ ಒಟ್ಟಿಗೇ ಹಾರಿದವು. ಅಮೆರಿಕದ ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಸೇರಿ ಮಾಡಿದ ಈ ಯೋಜನೆಗೆ ಗ್ರೇಸ್ ಅಂತ ಹೆಸರು. ಇವುಗಳಲ್ಲಿ ಭೂಮಿಯ ಕಡೆ ಮುಖ ಮಾಡಿ ಹಿಮವನ್ನು ನೋಡುವ ಕ್ಯಾಮೆರಾ ಇರಲಿಲ್ಲ. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್ ಅಂತರ ಇಟ್ಟುಕೊಂಡು ಸುತ್ತುತ್ತಾ ತಮ್ಮಿಬ್ಬರ ನಡುವಿನ ಆ ದೂರವನ್ನು ಬಿಡದೆ ಅಳೆಯುವುದೇ ಇವುಗಳ ಮುಖ್ಯ ಕೆಲಸ.

ಅದರಿಂದ ಹಿಮದ ತೂಕ ಹೇಗೆ ಸಿಗುತ್ತದೆ? ಹಳ್ಳ ಇರುವ ರಸ್ತೆಯಲ್ಲಿ ಹಿಂದೆ ಮುಂದೆ ಎರಡು ಸೈಕಲ್ ಹೋಗುತ್ತಿವೆ ಅಂದುಕೊಳ್ಳಿ. ಮುಂದಿನದು ಇಳಿಜಾರಿಗೆ ಬಂದ ಕೂಡಲೇ ವೇಗ ಜಾಸ್ತಿಯಾಗಿ ಅಂತರ ಹೆಚ್ಚುತ್ತದೆ. ಅದು ಏರು ಹತ್ತುವಾಗ ಹಿಂದಿನದು ಇಳಿಜಾರಿನಲ್ಲಿ ಇರುತ್ತದೆ, ಅಂತರ ಮತ್ತೆ ಕಡಿಮೆಯಾಗುತ್ತದೆ. ಉಪಗ್ರಹಗಳಿಗೂ ಹೀಗೇ ಆಗುತ್ತದೆ. ಕೆಳಗೆ ಭಾರ ಜಾಸ್ತಿ ಇರುವ ಜಾಗ ಬಂದರೆ ಅಲ್ಲಿ ಗುರುತ್ವದ ಎಳೆತವೂ ಜಾಸ್ತಿ. ಮುಂದಿನ ಉಪಗ್ರಹವನ್ನು ಅದು ಮೊದಲು ಎಳೆಯುತ್ತದೆ, ಸ್ವಲ್ಪ ಹೊತ್ತಿಗೆ ಹಿಂದಿನದನ್ನು. ಹೀಗೆ ಬದಲಾಗುವ ಅಂತರ ತೀರಾ ಸಣ್ಣದು. ಅದನ್ನು ಗ್ರೇಸ್ ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ತಲೆಕೂದಲಿನ ದಪ್ಪಕ್ಕಿಂತ ಹತ್ತಾರು ಪಟ್ಟು ಸೂಕ್ಷ್ಮವಾಗಿ ಹಿಡಿಯುತ್ತಿತ್ತು. ತಿಂಗಳು ತಿಂಗಳೂ ಹೀಗೆ ಗುರುತ್ವದ ನಕ್ಷೆ ಬರೆದು, ಹಿಂದಿನ ನಕ್ಷೆಯ ಪಕ್ಕ ಇಟ್ಟು ನೋಡಿದರೆ ಎಲ್ಲಿ ಭಾರ ಇಳಿಯಿತು, ಎಲ್ಲಿ ಏರಿತು ಅಂತ ತಿಳಿಯುತ್ತದೆ. ಮನುಷ್ಯ ಮಾಡಿದ ಅಳತೆಗಳಲ್ಲಿ ಇಷ್ಟು ಜಾಣತನದ್ದು ಬಹಳ ಕಡಿಮೆ ಅಂತ ನನ್ನ ನಂಬಿಕೆ.

ಸಿಕ್ಕಿದ ಉತ್ತರ ಕೇಳಿ. ಕಳೆದ ಎರಡು ದಶಕದಲ್ಲಿ ಗ್ರೀನ್‌ಲ್ಯಾಂಡ್ ಸರಾಸರಿ ವರ್ಷಕ್ಕೆ ಸುಮಾರು 27 ಸಾವಿರ ಕೋಟಿ ಟನ್ ಹಿಮ ಕಳೆದುಕೊಂಡಿದೆ. ಅಂಟಾರ್ಕ್ಟಿಕಾದ್ದು ಸುಮಾರು 15 ಸಾವಿರ ಕೋಟಿ ಟನ್. 2019ರಲ್ಲಂತೂ ಗ್ರೀನ್‌ಲ್ಯಾಂಡ್ ಒಂದೇ 53 ಸಾವಿರ ಕೋಟಿ ಟನ್ ಕಳೆದುಕೊಂಡಿತು. ಸುಮಾರು 36 ಸಾವಿರ ಕೋಟಿ ಟನ್ ಹಿಮ ಕರಗಿದರೆ ಲೋಕದ ಸಮುದ್ರವೆಲ್ಲ ಸರಾಸರಿ 1 ಮಿಲಿಮೀಟರ್ ಏರುತ್ತದೆ. ಮಿಲಿಮೀಟರ್ ತಾನೇ ಅನ್ನಬಹುದು, ಆದರೆ ಅದು ವರ್ಷ ವರ್ಷವೂ ಸೇರುತ್ತಾ ಹೋಗುತ್ತದೆ.

ಇದೇ ಗ್ರೇಸ್ ನಮ್ಮ ದೇಶದ ವಿಷಯವನ್ನೂ ಹೇಳಿತು. 2002ರಿಂದ 2008ರ ನಡುವೆ ರಾಜಸ್ಥಾನ, ಪಂಜಾಬ್, ಹರಿಯಾಣದ ನೆಲದಡಿಯಿಂದ 109 ಘನ ಕಿಲೋಮೀಟರ್ ನೀರು ಖಾಲಿಯಾಗಿದೆ ಅಂತ ತೋರಿಸಿತು. ಬೋರ್‌ವೆಲ್ ಎತ್ತಿದ ನೀರಿಗೂ ತೂಕ ಇದೆಯಲ್ಲ.

ಗ್ರೇಸ್‌ಗೆ ಕೊರತೆಗಳೂ ಇದ್ದವು. ಅದಕ್ಕೆ ಕಾಣುವುದು ಮಸುಕು ನೋಟ. ಸುಮಾರು 300 ಕಿಲೋಮೀಟರ್ ಅಗಲದ ಪ್ರದೇಶಕ್ಕಿಂತ ಸಣ್ಣದನ್ನು ಬಿಡಿಸಿ ನೋಡುವುದು ಕಷ್ಟ, ಹಾಗಾಗಿ ಯಾವ ಹಿಮನದಿ ಎಷ್ಟು ಕರಗಿತು ಅಂತ ಹೇಳಲು ಬರುವುದಿಲ್ಲ. ಇನ್ನೊಂದು ತೊಡಕು ನೆಲದ್ದೇ. ಹಿಮಯುಗದ ಭಾರಕ್ಕೆ ಕುಸಿದಿದ್ದ ನೆಲ, ಆ ಭಾರ ಇಳಿದು ಸಾವಿರಾರು ವರ್ಷ ಆದರೂ ಇನ್ನೂ ನಿಧಾನಕ್ಕೆ ಮೇಲೇಳುತ್ತಿದೆ. ಕೆಳಗಿನಿಂದ ಬಂಡೆ ಒತ್ತಿಕೊಂಡು ಬಂದರೆ ಅದೂ ಭಾರವಾಗಿಯೇ ಲೆಕ್ಕಕ್ಕೆ ಸೇರಿಬಿಡುತ್ತದೆ, ಅದನ್ನು ಕಳೆದರಷ್ಟೇ ಹಿಮದ ನಿಜವಾದ ತೂಕ ಸಿಗುವುದು. ಅಂಟಾರ್ಕ್ಟಿಕಾದಲ್ಲಿ ಹೀಗೆ ಕಳೆಯುವುದು ಇವತ್ತಿಗೂ ಕಠಿಣ ಕೆಲಸ.

ಅದಕ್ಕೇ ಎತ್ತರವನ್ನೂ ಅಳೆಯುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಹಾರಿದ ನಾಸಾದ ಐಸ್‌ಸ್ಯಾಟ್-2 ಸೆಕೆಂಡಿಗೆ 10,000 ಸಲ ಹಸಿರು ಲೇಸರ್ ಬೆಳಕನ್ನು ಕೆಳಗೆ ಬಿಡುತ್ತದೆ. ಒಂದೊಂದು ಸಲವೂ ಹೋದ ಕೋಟಿ ಕೋಟಿ ಬೆಳಕಿನ ಕಣಗಳಲ್ಲಿ ತಿರುಗಿ ಬರುವುದು ಬೆರಳೆಣಿಕೆಯಷ್ಟು. ಅವು ಬರಲು ಹಿಡಿದ ಹೊತ್ತಿನಿಂದ ಎತ್ತರ ತಿಳಿಯುತ್ತದೆ. ಮೋಡ ದಟ್ಟವಾದರೆ ಲೇಸರಿನ ಆಟ ಅಲ್ಲಿಗೆ ಮುಗಿಯಿತು. ಯುರೋಪಿನ ಕ್ರಯೋಸ್ಯಾಟ್-2 ರಾಡಾರ್ ಬಳಸುತ್ತದೆ, ಅದಕ್ಕೆ ಮೋಡ ಅಡ್ಡಿಯಲ್ಲ. ಮೊದಲ ಕ್ರಯೋಸ್ಯಾಟ್ 2005ರಲ್ಲಿ ಉಡಾವಣೆಯಲ್ಲೇ ನಾಶವಾಯಿತು. ಯುರೋಪಿನವರು ಅಷ್ಟಕ್ಕೇ ಕೈಬಿಡದೆ ಇನ್ನೊಂದನ್ನು ಕಟ್ಟಿ 2010ರ ಏಪ್ರಿಲಿನಲ್ಲಿ ಹಾರಿಸಿದರು.

ರಾಡಾರೂ ಮೋಸ ಹೋಗುತ್ತದೆ. ಅದರ ಅಲೆ ಸಡಿಲ ಮಂಜಿನೊಳಗೆ ಸ್ವಲ್ಪ ಇಳಿದು ತಿರುಗುತ್ತದೆ. 2012ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನ ಮೇಲ್ಮೈ ಹೆಚ್ಚುಕಡಿಮೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಯಿತು. ಆಮೇಲೆ ಅಲೆಗಳು ಆ ಗಟ್ಟಿ ಪದರದಿಂದಲೇ ಮೇಲೆ ಚಿಮ್ಮಿದವು. ಪರಿಣಾಮ ಏನು ಗೊತ್ತೇ? ಹಿಮ ಅಷ್ಟು ಕರಗಿದ ಬೇಸಿಗೆಯಲ್ಲೇ, ಒಳನಾಡಿನಲ್ಲಿ ಹಿಮದ ಎತ್ತರ ಜಾಸ್ತಿಯಾದ ಹಾಗೆ ಕಾಣಿಸಿತು! ಬರೀ ಆ ಒಂದು ಅಳತೆಯನ್ನು ಹಿಡಿದು ಕೂತಿದ್ದರೆ ತಿಳುವಳಿಕೆಯೇ ತಲೆಕೆಳಗಾಗುತ್ತಿತ್ತು. ತೂಕ ಒಂದು ಕಡೆ, ಎತ್ತರ ಒಂದು ಕಡೆ, ವೇಗ ಇನ್ನೊಂದು ಕಡೆ, ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದ ಮೂರು ದಾರಿಯಲ್ಲಿ ಅಳೆದಾಗ ಉತ್ತರ ಹತ್ತಿರ ಹತ್ತಿರ ಬಂದರೆ ಮಾತ್ರ ನಾನು ಆ ಸಂಖ್ಯೆಯನ್ನು ನಂಬುತ್ತೇನೆ. ಈ ವಿಷಯದಲ್ಲಿ ಅದು ಬಂದಿದೆ. ಮೂರೂ ಬಗೆಯ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಜ್ಞಾನಿಗಳ ತಂಡ, 1992ರಿಂದ 2017ರ ನಡುವೆ ಅಂಟಾರ್ಕ್ಟಿಕಾ 2 ಲಕ್ಷ 72 ಸಾವಿರ ಕೋಟಿ ಟನ್ ಕಳೆದುಕೊಂಡಿದೆ ಅಂತ 2018ರಲ್ಲಿ ಪ್ರಕಟಿಸಿತು.

ವೇಗ ಅಂದೆನಲ್ಲ, ಹಿಮನದಿ ನಿಜವಾಗಿಯೂ ಹರಿಯುತ್ತದೆ. ಅದು ಎಷ್ಟು ಬೇಗ ಹರಿಯುತ್ತದೆ ಅಂತ ಗೊತ್ತಾದರೆ ಎಷ್ಟು ಹಿಮ ಸಮುದ್ರಕ್ಕೆ ಹೋಗುತ್ತಿದೆ ಅಂತ ಲೆಕ್ಕ ಹಾಕಬಹುದು. ಒಂದೇ ಜಾಗದ ರಾಡಾರ್ ಚಿತ್ರವನ್ನು ಕೆಲವು ದಿನ ಬಿಟ್ಟು ಮತ್ತೆ ತೆಗೆದು ಹೋಲಿಸಿದರೆ ಎಷ್ಟು ಸರಿದಿದೆ ಅಂತ ತಿಳಿಯುತ್ತದೆ. ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ಸರಿಯುತ್ತಿತ್ತು. ಕೆಲವು ವರ್ಷದ ಮೇಲೆ ಅಲ್ಲಿಗೆ ತಣ್ಣನೆಯ ಸಮುದ್ರದ ನೀರು ಬಂದಾಗ ಅದೇ ಹಿಮನದಿ ನಿಧಾನವಾಯಿತು. ಇದನ್ನೂ ಹೇಳಲೇಬೇಕು, ಕರಗುವಿಕೆ ಎಲ್ಲ ಕಡೆ ಒಂದೇ ಸಮನೆ ಇಲ್ಲ. ಅಂಟಾರ್ಕ್ಟಿಕಾದ ಪೈನ್ ಐಲ್ಯಾಂಡ್ ಹಿಮನದಿಯಲ್ಲಿ ರಾಡಾರ್ ಹಿಡಿದದ್ದು ಇನ್ನೂ ಸೂಕ್ಷ್ಮ. ತೇಲುವ ಹಿಮ ಭರತ ಇಳಿತಕ್ಕೆ ತಕ್ಕ ಹಾಗೆ ಏಳುತ್ತದೆ, ಬೀಳುತ್ತದೆ. ನೆಲಕ್ಕೆ ಕೂತ ಹಿಮ ಅಲ್ಲಾಡುವುದಿಲ್ಲ. ಎರಡರ ನಡುವಿನ ಗೆರೆ 1992ರಿಂದ 2011ರ ಒಳಗೆ, ಹಿಮನದಿಯ ನಡುಭಾಗದಲ್ಲಿ 31 ಕಿಲೋಮೀಟರ್ ಒಳನಾಡಿಗೆ ಸರಿದಿತ್ತು.

ಈ ಕೆಲಸಕ್ಕೆ ಈಗ ಬೆಂಗಳೂರೂ ಸೇರಿದೆ. ನಾಸಾ ಮತ್ತು ಇಸ್ರೋದ ನಿಸಾರ್ ಉಪಗ್ರಹದ ಭಾಗಗಳನ್ನು ಜೋಡಿಸಿದ್ದು ಅಲ್ಲೇ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದರು. 12 ಮೀಟರ್ ಅಗಲದ ಆಂಟೆನಾ, ಎರಡು ಬಗೆಯ ರಾಡಾರ್, 12 ದಿನಕ್ಕೊಮ್ಮೆ ಅದೇ ದಾರಿ. ಅಂಟಾರ್ಕ್ಟಿಕಾ ಚೆನ್ನಾಗಿ ಸಿಗಲಿ ಅಂತಲೇ ಇದರ ನೋಟವನ್ನು ಹಾರುವ ದಾರಿಯ ಎಡಗಡೆಗೆ ಇಟ್ಟಿದ್ದಾರೆ.

ನಮಗೇಕೆ ಇದೆಲ್ಲ ಅಂತ ಕೇಳಬಹುದು. ಗ್ರೀನ್‌ಲ್ಯಾಂಡಿನ ಹಿಮ ತನ್ನ ಗುರುತ್ವದಿಂದ ಸುತ್ತಲ ಸಮುದ್ರವನ್ನು ತನ್ನ ಕಡೆ ಎಳೆದಿಟ್ಟುಕೊಂಡಿದೆ. ಹಿಮ ಕರಗಿದರೆ ಆ ಹಿಡಿತ ಸಡಿಲವಾಗುತ್ತದೆ. ಹತ್ತಿರದಲ್ಲಿ ನೀರು ಇಳಿಯುತ್ತದೆ, ದೂರದಲ್ಲಿ ಸರಾಸರಿಗಿಂತ ಜಾಸ್ತಿ ಏರುತ್ತದೆ. ಕಾರವಾರ, ಮಂಗಳೂರು ಎರಡು ಧ್ರುವಕ್ಕೂ ದೂರ. ಉಳ್ಳಾಲದಲ್ಲಿ ಕಡಲು ದಡ ಕೊರೆಯುವುದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಹಿಮದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಏರುತ್ತಿರುವ ನೀರು ಆ ಎಲ್ಲ ಕಾರಣಗಳ ಮೇಲೆ ಬಂದು ಕೂರುತ್ತದೆ.

ನನಗೆ ನಿಜವಾದ ಆತಂಕ ಇರುವುದು ಅಳತೆ ನಿಂತುಬಿಟ್ಟರೆ ಅನ್ನುವುದರಲ್ಲಿ. ಐದು ವರ್ಷಕ್ಕೆಂದು ಮಾಡಿದ್ದ ಗ್ರೇಸ್ ಹದಿನೈದು ವರ್ಷ ದುಡಿದು 2017ರಲ್ಲಿ ಮುಗಿಯಿತು. ಮುಂದಿನ ಜೋಡಿ ಹಾರಿದ್ದು 2018ರ ಮೇ ತಿಂಗಳಲ್ಲಿ. ನಡುವಿನ ಆ ತಿಂಗಳುಗಳ ಅಷ್ಟು ಸೂಕ್ಷ್ಮವಾದ ಗುರುತ್ವದ ದಾಖಲೆ ಇಲ್ಲ, ಇನ್ನು ಯಾರು ಏನು ಮಾಡಿದರೂ ಸಿಗುವುದಿಲ್ಲ. ಈಗಿನ ಜೋಡಿಗೂ ಐದು ವರ್ಷದ ಆಯಸ್ಸು ಕೊಟ್ಟಿದ್ದರು, ಅದು ಮುಗಿದ ಮೇಲೂ ಕೆಲಸ ಮಾಡುತ್ತಿದೆ. ಮೂರನೇ ಜೋಡಿಯನ್ನು 2028ರಲ್ಲಿ ಹಾರಿಸುವ ಯೋಜನೆ ಇದೆ, ಇರುವ ಜೋಡಿ ನಿಲ್ಲುವ ಮೊದಲೇ ಅದು ಮೇಲೆ ಹೋಗಬೇಕು.

ವಿಜ್ಞಾನ ಓದುವ ಮಕ್ಕಳು ಕೇಳುತ್ತಿದ್ದರೆ ಅವರಿಗೆ ಒಂದು ಮಾತು. ಗ್ರೇಸ್, ಐಸ್‌ಸ್ಯಾಟ್, ನಿಸಾರ್ ಮಾಹಿತಿಯನ್ನೆಲ್ಲ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದು ಕಂಪ್ಯೂಟರ್, ಸ್ವಲ್ಪ ಪ್ರೋಗ್ರಾಮಿಂಗ್ ಮತ್ತು ಸಾಕಷ್ಟು ತಾಳ್ಮೆ ಇದ್ದರೆ, ಗ್ರೀನ್‌ಲ್ಯಾಂಡಿನ ತೂಕ ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ಗೆರೆಯನ್ನು ನೀವೇ ಬರೆದು ನೋಡಬಹುದು.