ಮುಧೋಳ ನಾಯಿ: ಮರಿಮೊಮ್ಮಕ್ಕಳವರೆಗಿನ ಲೆಕ್ಕ

ಕೇಳುಗರೇ, ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಿ ನಾಯಿ ಸಾಕಣೆ ಅನೇಕ ಮನೆಗಳ ಉಪಕಸುಬು. ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯನ್ನೂ ಏರಿದ ಈ ಬೇಟೆನಾಯಿಯ ಮರಿಗಳಿಗೆ ಬೇಡಿಕೆ ಬಂದಾಗ, ಹೆಸರು ಮಾಡಿದ ಒಂದೇ ಗಂಡುನಾಯಿಯ ಬಳಿಗೆ ಸುತ್ತಲಿನವರೆಲ್ಲ ತಮ್ಮ ಹೆಣ್ಣುನಾಯಿಗಳನ್ನು ಕರೆತರುವುದು ಸಹಜ. ಮೊದಲ ಸೂಲಿನ ಮರಿಗಳು ಚೆನ್ನಾಗಿಯೇ ಇರುತ್ತವೆ. ತೊಂದರೆ ತಲೆದೋರುವುದು ಆ ಮರಿಗಳು ಬೆಳೆದು, ತಂದೆ ಒಂದೇ ಆದ ಅಕ್ಕತಮ್ಮಂದಿರು ಗೊತ್ತಿಲ್ಲದೆ ಜೋಡಿಯಾದಾಗ. ಅವುಗಳಿಗೆ ಹುಟ್ಟುವ ಮರಿಯ ಒಳಸಂಬಂಧದ ಪ್ರಮಾಣ, ಎಂದರೆ ಒಂದೇ ಪೂರ್ವಜನ ಒಂದೇ ವಂಶವಾಹಿ ತಂದೆತಾಯಿ ಎರಡೂ ಕಡೆಯಿಂದ ಬರುವ ಸಾಧ್ಯತೆ, ಶೇಕಡಾ 12.5; ಆ ಜೋಡಿಯ ತಂದೆತಾಯಿ ಇಬ್ಬರೂ ಒಂದೇ ಆಗಿದ್ದರೆ ಶೇಕಡಾ 25.

ಇದರ ಫಲ ಮೈಕಟ್ಟಿನಲ್ಲಿ ಬೇಗ ಕಾಣುವುದಿಲ್ಲ. ಉದ್ದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ ಎಲ್ಲವೂ ಹಾಗೆಯೇ ಇರುತ್ತವೆ; ಆದರೆ ಸೂಲಿಗೆ ಮರಿಗಳು ಕಡಿಮೆಯಾಗುತ್ತವೆ, ಹುಟ್ಟಿದವು ಮೊಲೆ ಹಿಡಿಯದೆ ಸಾಯುತ್ತವೆ. ಎರಡು ತಿಂಗಳ ಗಂಡುಮರಿಯ ಹಿಂಗಾಲುಗಳ ನಡುವೆ ಬೆರಳಾಡಿಸಿ ನೋಡಿದರೆ ಎರಡು ಬೀಜಗಳು ಸಿಗಬೇಕಾದಲ್ಲಿ ಒಂದೇ ಸಿಕ್ಕೀತು. ಅಂಥ ಗಂಡನ್ನು, ಅದು ಎಷ್ಟೇ ಚೆಲುವಾಗಿರಲಿ, ತಳಿಗೆ ಬಳಸಬಾರದು.

ಇಲ್ಲೊಂದು ಲೆಕ್ಕವಿದೆ. 2 ಗಂಡು, 20 ಹೆಣ್ಣುಗಳಿಂದ ಮರಿ ಪಡೆದರೆ ನಾಯಿಗಳು 22 ಇದ್ದರೂ, ಮರಿಗಳ ಅರ್ಧ ವಂಶವಾಹಿಗಳು ಆ ಎರಡೇ ಗಂಡುಗಳಿಂದ ಬರುವುದರಿಂದ, ವಂಶದ ದೃಷ್ಟಿಯಿಂದ ಅವು ಸುಮಾರು 7 ನಾಯಿಗಳಿಗೆ ಸಮ. 11 ಗಂಡು, 11 ಹೆಣ್ಣುಗಳಾದರೆ 22ಕ್ಕೆ 22. ಒಬ್ಬ ರೈತ ಇಷ್ಟು ಗಂಡುನಾಯಿಗಳನ್ನು ಸಾಕಲಾರ. ಸಾಕಬೇಕೆಂದು ಹೇಳುವುದು ಸುಲಭ, ಊಟ ಹಾಕುವವರಿಗೆ ಗೊತ್ತು ಅದರ ಕಷ್ಟ. ಆದ್ದರಿಂದ ಮೂರು ಊರುಗಳ ಸಾಕಣೆದಾರರು ಮೂರು ಗುಂಪುಗಳಾಗಿ ಕೂಡಿಕೊಳ್ಳುವುದು ಮೇಲು. ಹೆಣ್ಣುಮರಿಗಳು ಹುಟ್ಟಿದ ಗುಂಪಿನಲ್ಲೇ ಉಳಿಯಲಿ. ಆಯ್ದ ಗಂಡುಮರಿಗಳು ಪ್ರತಿ ಪೀಳಿಗೆಯಲ್ಲೂ ಮೊದಲ ಗುಂಪಿನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಮೂರನೆಯದರಿಂದ ಮತ್ತೆ ಮೊದಲನೆಯದಕ್ಕೆ ಹೋಗಲಿ. ಈ ಏರ್ಪಾಡು ಒಳಸಂಬಂಧವನ್ನು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತದೆ. ಕೆಲವು ಪೀಳಿಗೆಗಳ ನಂತರ ಹೊರಗಿನ ಗಂಡನ್ನು ತರಲೇಬೇಕು.

ಅವಸರ ಸಲ್ಲದು. ಮೊದಲ ಬೆದೆಯನ್ನು ಬಿಟ್ಟು, ಎರಡು ವರ್ಷದ ಸುಮಾರಿಗೆ ಹೆಣ್ಣನ್ನು ಕೂಡಿಸಿ, ಸುಮಾರು 63 ದಿನಗಳ ಗಬ್ಬದ ನಂತರ ಬಂದ ಮರಿಗಳ ಓಟ, ಗುಣ, ಆರೋಗ್ಯಗಳನ್ನು ತೂಗಿ ನೋಡುವ ಹೊತ್ತಿಗೆ ಒಂದು ಪೀಳಿಗೆಗೆ ಮೂರು ವರ್ಷವಾದರೂ ಬೇಕು. ನಾಲ್ಕು ಪೀಳಿಗೆಗೆ 12 ವರ್ಷ. ಇಷ್ಟು ಕಾಲದ ಮಾತನ್ನು ನೆನಪಿಗೆ ಬಿಡಲಾಗದು. ಪ್ರತಿ ಸೂಲಿನ ತಾರೀಖು, ತಂದೆತಾಯಿ, ಮಾರಿದ ಮರಿ ಯಾವ ಊರಿಗೆ ಹೋಯಿತೆಂಬುದು ಪುಸ್ತಕದಲ್ಲಿರಬೇಕು. ಸತ್ತ ಮರಿಗಳನ್ನೂ ಬರೆಯಬೇಕು. ಸಾಮಾನ್ಯವಾಗಿ ಬಿಟ್ಟುಹೋಗುವುದು ಅದೇ ಸಾಲು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಿಂದಾಗಲಿ, ನೆರೆಯ ಸಾಕಣೆದಾರರಿಂದಾಗಲಿ ಮರಿ ತರುವವರು, ಬೆಲೆ ಕೇಳುವ ಮೊದಲು ಅದರ ಅಜ್ಜ ಅಜ್ಜಿಯರ ವಿವರ ಕೇಳಿ ಬರೆದುಕೊಳ್ಳಲಿ.

ನಮಸ್ಕಾರ.