ಬೀರು ಕೀ ನನ್ನ ಬ್ಯಾಗಿನಲ್ಲಿತ್ತು

ಎಲ್ಲರಿಗೂ ನಮಸ್ಕಾರ. ಶಿಕ್ಷಕರ ತರಬೇತಿಯಲ್ಲಿ ಏನು ಕಲಿತಿರಿ, ಅದನ್ನು ನಾಲ್ಕು ಮಾತಲ್ಲಿ ಹೇಳಿ ಅಂದರು. ಅದು ನಿಮಗೆಲ್ಲ ಗೊತ್ತಿರುವುದೇ. ನಾನು ತರಬೇತಿಗೆ ಹೋದ ದಿನಗಳಲ್ಲಿ ನನ್ನ ನಲಿ-ಕಲಿ ಕೋಣೆಯಲ್ಲಿ, ಅಂದರೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ಕೋಣೆಯಲ್ಲಿ, ಏನೇನಾಯಿತು ಅಂತ ಹೇಳುತ್ತೇನೆ. ಹೆಚ್ಚು ಕಲಿತಿದ್ದು ಅಲ್ಲೇ.

ನಮ್ಮದು ಇಬ್ಬರೇ ಇರುವ ಶಾಲೆ. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ 2020ರ ಶಿಕ್ಷಣ ನೀತಿ. ಎರಡೂ ಒಳ್ಳೆಯ ಮಾತೇ. ಆದರೆ ಇಬ್ಬರಲ್ಲಿ ಒಬ್ಬರು ಓಓಡಿ (ಹೊರಗಿನ ಸರ್ಕಾರಿ ಕೆಲಸ) ಅಂತ ಹಾಕಿಕೊಂಡು ತರಬೇತಿ ನಡೆಯುವ ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಹೋದರೆ ಉಳಿಯೋದು ಒಬ್ಬರೇ ಅಲ್ವಾ? ಬದಲಿಗೆ ಬರೋಕೆ ಅಂತಲೇ ಇರುವ ಹುದ್ದೆ ನಮ್ಮಲ್ಲಿಲ್ಲ. ಪಕ್ಕದ ಶಾಲೆಯವರನ್ನು ಕಾಡಿ ಬೇಡಿ ಕರೆಸಬೇಕು.

ಮೊದಲ ಸಲ ಹೆಡ್‌ಮಾಸ್ಟರೇ ನೋಡಿಕೊಳ್ಳುತ್ತೇನೆ ಅಂದರು. ನಾನು ನಿಶ್ಚಿಂತೆಯಿಂದ ಬಸ್ ಹತ್ತಿದೆ. ತರಬೇತಿಯಲ್ಲಿ ನೋಂದಣಿ ಮುಗಿಸಿ ಕೂತಿದ್ದೇನೆ, ಫೋನ್ ಬಂತು. "ಮೇಡಂ, ಬೀರು ಕೀ ಎಲ್ಲಿಟ್ಟಿದ್ದೀರಿ?" ಬ್ಯಾಗಿಗೆ ಕೈ ಹಾಕಿದೆ. ಟಿಫನ್ ಬಾಕ್ಸ್ ಪಕ್ಕದಲ್ಲಿ ಕೀ ಗೊಂಚಲು. ಕಾರ್ಡೆಲ್ಲ ಬೀರು ಒಳಗೆ. ಕಾರ್ಡಿಲ್ಲದ ನಲಿ-ಕಲಿ ಅಂದರೆ ಅಕ್ಕಿಯಿಲ್ಲದ ಅನ್ನ. ಪಾಪ, ಸಂಜೆವರೆಗೂ ಅವರು ಮಕ್ಕಳಿಗೆ ಕಥೆ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು. ನನಗೆ ಅವತ್ತು ತರಬೇತಿಯಲ್ಲಿ ಕೊಟ್ಟ ಪಾಠ ಯಾವುದು ಗೊತ್ತಾ? ಸ್ವಕಲಿಕೆ.

ಎರಡನೇ ಸಲ ಹುಷಾರಾದೆ. ಕೀ ಕೊಟ್ಟೆ. ಮೂರು ಪುಟ ಬರೆದೂ ಇಟ್ಟೆ. ಪಕ್ಕದ ಶಾಲೆಯಿಂದ ಒಬ್ಬ ಮೇಷ್ಟ್ರು ಬಂದರು. ಬಹಳ ಶ್ರದ್ಧೆಯ ಮನುಷ್ಯ. ಆದರೆ ಅವರು ಕಲಿಸುತ್ತಿದ್ದದ್ದು ಮೇಲಿನ ತರಗತಿಗೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲೆತು ಕೂತಿರೋದು ನೋಡಿ ಅವರಿಗೆ ಗಲಿಬಿಲಿ. ಸಾಲಾಗಿ ಕೂರಿಸಿದರು. ಬೋರ್ಡಿನ ಮೇಲೆ ಅ, ಆ, ಇ, ಈ ಬರೆದರು.

ನಮ್ಮಲ್ಲಿ ಶುರುವಾಗೋದು ರ, ಗ, ಸ, ದ, ಅ ಅಂತ. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಲು ಬರುತ್ತದೆ. ಮಗುವಿಗೆ ಅದೇ ಖುಷಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಆದರೆ ಕನ್ನಡ ಗೊತ್ತಿರುವ ಯಾರಿಗಾದರೂ 'ಅ'ದಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ನನ್ನ ಮೂರು ಪುಟದಲ್ಲಿ ಇದೊಂದು ಮಾತೇ ಇರಲಿಲ್ಲ. ನನಗೆ ಅದು ಎಷ್ಟು ಮಾಮೂಲಾಗಿತ್ತು ಅಂದರೆ, ಬರೆಯಬೇಕು ಅಂತಲೇ ಹೊಳೆದಿರಲಿಲ್ಲ.

ಕಥೆ ಇನ್ನೂ ಇದೆ. ಹೊರಡೋ ಮುಂಚೆ ಮೇಷ್ಟ್ರು ಬೀರು ಜೋಡಿಸಿ ಹೋಗಿದ್ದರು. ಕಾರ್ಡುಗಳ ಮೇಲಿನ ಚಿತ್ರ, ನಂಬರು ಯಾವುದನ್ನೂ ನೋಡದೆ ದೊಡ್ಡದು ಒಂದು ಕಡೆ, ಚಿಕ್ಕದು ಇನ್ನೊಂದು ಕಡೆ, ರಬ್ಬರ್ ಬ್ಯಾಂಡ್ ಹಾಕಿ! ಕನ್ನಡ, ಗಣಿತ, ಪರಿಸರ ಎಲ್ಲ ಕಲಬೆರಕೆ. ಶನಿವಾರ ಮಧ್ಯಾಹ್ನವೆಲ್ಲ ನೆಲದ ಮೇಲೆ ಹರಡಿಕೊಂಡು ವಿಂಗಡಿಸಿದೆ. ಬೈಯೋಕೂ ಆಗಲ್ಲ. ಸಹಾಯ ಅಂತಲೇ ಮಾಡಿದ್ದು.

ಮೂರನೇ ಸಲದ್ದು ಮೊಟ್ಟೆ ಪ್ರಸಂಗ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತೇವೆ, ನಿಮಗೂ ಗೊತ್ತು. ಯಾರಿಗೆ ಯಾವುದು ಅನ್ನೋದು ನನ್ನ ತಲೆಯಲ್ಲೇ ಇತ್ತು. ಬದಲಿಗೆ ಬಂದವರು ನೇರವಾಗಿ ಕೇಳಿದರು, "ಮೊಟ್ಟೆ ಯಾರಿಗೆ ಬೇಕು?" ಎಲ್ಲ ಕೈಯೂ ಮೇಲೆ. ಮರುದಿನ ಬೆಳಿಗ್ಗೆ ಒಬ್ಬ ಹುಡುಗನ ಅಜ್ಜಿ ಗೇಟಿನಲ್ಲಿ ನಿಂತಿದ್ದರು. ಹುಡುಗ ಅವರ ಸೆರಗಿನ ಹಿಂದೆ. ಅಜ್ಜಿಗೆ ಕೈ ಮುಗಿದು ಸಮಾಧಾನ ಮಾಡೋ ಹೊತ್ತಿಗೆ ಪ್ರಾರ್ಥನೆ ಮುಗಿದಿತ್ತು. ಅವನು ಮಾತ್ರ ಒಳಗೆ ಬಂದವನೇ ಮೆಲ್ಲಗೆ ಕೇಳಿದ: "ಮಿಸ್, ನೀವು ಮತ್ತೆ ಯಾವಾಗ ತರಬೇತಿಗೆ ಹೋಗ್ತೀರಾ?"

ಆಮೇಲೆ ನಾನು ಪುಟಗಟ್ಟಲೆ ಬರೆಯೋದು ಬಿಟ್ಟೆ. ಮೊಟ್ಟೆ ಪಟ್ಟಿ ಅಡುಗೆಯವರ ಕೈಗೆ ಕೊಟ್ಟೆ. ಅದು ಕಾಗದದ ಮೇಲೇ ಇರಬೇಕು, ಬಾಯಿಮಾತು ಸಾಲದು. ಉಳಿದದ್ದೆಲ್ಲ ಮೂರನೇ ತರಗತಿಯ ಇಬ್ಬರು ಹುಡುಗಿಯರಿಗೆ ಒಪ್ಪಿಸಿದೆ. ಪೂರ್ಣ ಸಹಾಯ ಬೇಕಾದವರ ಗುಂಪಿನಿಂದ ಹಿಡಿದು ತಾವೇ ಕಲಿಯುವವರ ಗುಂಪಿನವರೆಗೆ ಯಾವ ಗುಂಪು ಎಲ್ಲಿ ಕೂರಬೇಕು, ಯಾರು ಕಲಿಕೆಯ ಯಾವ ಮೆಟ್ಟಿಲಲ್ಲಿದ್ದಾರೆ, ಕಾರ್ಡು ಎಲ್ಲಿಂದ ತೆಗೆದು ಎಲ್ಲಿಡಬೇಕು, ಎಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ವರ್ಷ ಅದೇ ಕೋಣೆಯಲ್ಲಿ ಇದ್ದವರು. ಬಂದವರಿಗೆ ಒಂದೇ ಸಾಲು ಬರೆದಿಟ್ಟೆ: 'ಸರ್, ಇವರಿಬ್ಬರನ್ನು ಕೇಳಿ.'

ಹೋದ ತಿಂಗಳು ತರಬೇತಿ ಮುಗಿಸಿ ಬಂದವಳು ಆ ಹುಡುಗಿಯರನ್ನು ಕೇಳಿದೆ, "ಹೊಸ ಸರ್ ಹೇಗೆ ಪಾಠ ಮಾಡಿದರು?" ಅವರಲ್ಲಿ ದೊಡ್ಡವಳು ಸ್ವಲ್ಪ ಯೋಚನೆ ಮಾಡಿದಳು.

"ಒಳ್ಳೆ ಸರ್, ಮಿಸ್. ಆದ್ರೆ ಅವರಿಗೆ ಏನೂ ಗೊತ್ತಿರಲಿಲ್ಲ. ಅದಕ್ಕೇ ಪೂರ್ಣ ಸಹಾಯದ ಗುಂಪಲ್ಲಿ ಕೂರಿಸಿಕೊಂಡ್ವಿ."