ಫ್ರಿಜ್ಜಿನ ಬಾಗಿಲಲ್ಲಿ ಎರಡು ಔಷಧ

ನಮಸ್ಕಾರ. ಇವತ್ತು ಬೇರೆ ಯಾವ ಮಾತಿಗಿಂತ ಮೊದಲು ನಾನೊಂದು ಸುಳ್ಳನ್ನು ಒಪ್ಪಿಕೊಳ್ಳಬೇಕು.

ಇಷ್ಟು ತಿಂಗಳಲ್ಲಿ ನನ್ನನ್ನು ಕಂಡವರೆಲ್ಲ ಕೇಳಿದ್ದು ಒಂದೇ. "ಏನು ಮೇಡಂ, ಇಷ್ಟು ಇಳಿದುಬಿಟ್ಟಿದ್ದೀರಿ, ಏನು ಮಾಡಿದಿರಿ?" ಎಲ್ಲರಿಗೂ ನಾನು ಕೊಟ್ಟ ಉತ್ತರವೂ ಒಂದೇ. "ರಾತ್ರಿ ಅನ್ನ ಬಿಟ್ಟೆ. ಬೆಳಿಗ್ಗೆ ಕುಂದುವಾಡ ಕೆರೆ ಸುತ್ತುತ್ತೇನೆ." ಅನ್ನ ಬಿಟ್ಟದ್ದು ನಿಜ, ಕೆರೆ ಸುತ್ತುವುದೂ ನಿಜ. ಆದರೆ ಆ ಕೆರೆಯನ್ನು ನಾನು ಆರು ವರ್ಷದಿಂದ ಸುತ್ತುತ್ತಿದ್ದೇನೆ. ಆರು ವರ್ಷದಲ್ಲಿ ಇಳಿಯದ ತೂಕ ಇಳಿದದ್ದು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಒಂದು ಔಷಧದಿಂದ. ಅದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ನನಗೆ ನಲವತ್ತನಾಲ್ಕು ವರ್ಷ. ದಾವಣಗೆರೆಯಲ್ಲೇ ಹುಟ್ಟಿ, ಇಲ್ಲೇ ಓದಿ, ಇಲ್ಲಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಎತ್ತರ 158 ಸೆಂಟಿಮೀಟರ್. ಕಳೆದ ವರ್ಷ ಆಗಸ್ಟ್‌ನಲ್ಲಿ ತೂಕ 91 ಕೆ.ಜಿ. ಇತ್ತು. ದೇಹದ ತೂಕ ಮತ್ತು ಎತ್ತರದ ಲೆಕ್ಕ, ಅಂದರೆ ಬಿಎಂಐ, 36 ದಾಟಿತ್ತು. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎನ್ನುತ್ತಾರೆ ವೈದ್ಯರು. ಬಿ.ಪಿ. ಮಾತ್ರೆ ಶುರುವಾಗಿತ್ತು, ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು, ಶಾಲೆಯ ಮೆಟ್ಟಿಲು ಹತ್ತುವಾಗ ಒಂದು ಕೈ ಗೋಡೆಯ ಮೇಲಿರುತ್ತಿತ್ತು. ಇದಕ್ಕೂ ಮೊದಲು ಉಪವಾಸ ಮಾಡಿದ್ದೆ, ಜಿಮ್‌ಗೆ ಹಣ ಕಟ್ಟಿದ್ದೆ, ಪರಿಚಯದವರೊಬ್ಬರು ಮಾರುತ್ತಿದ್ದ ಪುಡಿಯನ್ನು ನೀರಿನಲ್ಲಿ ಕಲಸಿ ಮೂರು ತಿಂಗಳು ಕುಡಿದಿದ್ದೆ. ಒಮ್ಮೆ ಹನ್ನೆರಡು ಕೆ.ಜಿ. ಇಳಿದು, ಎರಡು ವರ್ಷದೊಳಗೆ ಹದಿನೈದು ಕೆ.ಜಿ. ಏರಿದ್ದೆ. ಪ್ರತಿ ಸಲವೂ ಕೇಳಿಸಿದ ಮಾತು ಒಂದೇ: "ಬಾಯಿ ಕಟ್ಟಬೇಕಮ್ಮ." ಆ ಮಾತನ್ನು ಬೇರೆಯವರಿಗಿಂತ ಹೆಚ್ಚು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಔಷಧ ಶುರುವಾದ ಮೂರನೆಯ ವಾರ ಏನಾಯಿತೆಂದು ಹೇಳಬೇಕೆಂದರೆ ನನ್ನ ಬಾಲ್ಯಕ್ಕೆ ಹೋಗಬೇಕು. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿಯ ಬೆನ್ನಿಗೇ ನಮ್ಮ ಮನೆ. ಹಗಲು ರಾತ್ರಿ ಯಂತ್ರಗಳ ಸದ್ದು. ನಾನು ಆ ಸದ್ದಿನಲ್ಲೇ ಹುಟ್ಟಿದವಳಾದ್ದರಿಂದ ಅದು ಸದ್ದು ಎಂಬುದೇ ನನಗೆ ಗೊತ್ತಿರಲಿಲ್ಲ. ಗಿರಣಿ ಬಾಗಿಲು ಹಾಕಿದ ದಿನ ರಾತ್ರಿ ಅವ್ವ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. "ಏನೋ ಒಂದು ಇಲ್ಲ ಅನ್ನಿಸುತ್ತಿದೆ" ಎಂದಳು. ನಾವೆಲ್ಲ ಕಿವಿಗೊಟ್ಟು ಕೇಳಿದೆವು. ಏನೂ ಕೇಳಿಸಲಿಲ್ಲ.

ಮೂರನೆಯ ವಾರದ ಭಾನುವಾರ ಮನೆಯವರೊಂದಿಗೆ ಬೆಣ್ಣೆ ದೋಸೆ ತಿನ್ನಲು ಹೋಗಿದ್ದೆ. ಸೌದೆ ಒಲೆಯ ಹೊಗೆಯ ವಾಸನೆ, ತಟ್ಟೆಯಲ್ಲಿ ಗರಿಗರಿ ದೋಸೆ, ಮೇಲೆ ಕರಗುತ್ತಾ ಅಂಚಿನ ಕಡೆ ಜಾರುತ್ತಿದ್ದ ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಮೊದಲ ದೋಸೆ ಎಂದಿನಷ್ಟೇ ರುಚಿಯಾಗಿತ್ತು. ಮುಗಿಸಿದೆ. ಎರಡನೆಯದಕ್ಕೆ ಕೈ ಎತ್ತಬೇಕಿತ್ತು, ಎತ್ತಲಿಲ್ಲ. ತಡೆದುಕೊಂಡೆ ಎಂದಲ್ಲ, ಬೇಕು ಎನ್ನಿಸಲೇ ಇಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಅಡುಗೆಮನೆಯ ಡಬ್ಬಿಯಲ್ಲಿ ಎಷ್ಟು ಚಕ್ಕುಲಿ ಉಳಿದಿದೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಯಾವಾಗಲೂ ಓಡುತ್ತಿರುತ್ತಿತ್ತು. ಸಂಜೆ ಮಿರ್ಚಿ ಮಂಡಕ್ಕಿ ತರಿಸುವುದೋ ಬೇಡವೋ ಎಂಬ ಜಗಳ ಮಧ್ಯಾಹ್ನ ಎರಡು ಗಂಟೆಗೇ ನನ್ನೊಳಗೆ ಶುರುವಾಗುತ್ತಿತ್ತು. ಅದೆಲ್ಲ ನಿಂತಿತ್ತು. ಗಿರಣಿ ನಿಂತಿತ್ತು. ಹಾಸಿಗೆಯ ಮೇಲೆ ಎದ್ದು ಕುಳಿತು ನಾನು ಅತ್ತೆ.

ಏಕೆ ಅತ್ತೆನೆಂದರೆ, ಬೇರೆಯವರು ಹುಟ್ಟಿದಾಗಿನಿಂದ ಬದುಕುತ್ತಿರುವುದು ಈ ನಿಶ್ಶಬ್ದದಲ್ಲಿ ಎಂದು ಅವತ್ತು ಗೊತ್ತಾಯಿತು. ಅರ್ಧ ಹೋಳಿಗೆ ತಿಂದು "ಸಾಕು" ಎಂದು ಎಲೆ ಮಡಿಸುವ ನನ್ನ ತಂಗಿ ನನಗಿಂತ ಗಟ್ಟಿ ಮನಸ್ಸಿನವಳೇನಲ್ಲ. ಅವಳಿಗೆ ಸದ್ದಿಲ್ಲ, ಅಷ್ಟೇ.

ಈ ಔಷಧ ಏನು ಮಾಡುತ್ತದೆ ಎಂದು ಚಿಕ್ಕದಾಗಿ ಹೇಳುತ್ತೇನೆ. ನಾವು ಉಂಡಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಮೆದುಳಿಗೆ ಹೊಟ್ಟೆ ತುಂಬಿತೆಂದು ತಿಳಿಸುತ್ತದೆ, ಇನ್ಸುಲಿನ್ ಸ್ರವಿಸಲು ನೆರವಾಗುತ್ತದೆ, ಆಹಾರ ಜಠರದಿಂದ ನಿಧಾನವಾಗಿ ಮುಂದೆ ಸಾಗುವಂತೆ ಮಾಡುತ್ತದೆ. ಸಹಜವಾಗಿ ಬರುವ ಆ ಹಾರ್ಮೋನಿನ ಆಯುಷ್ಯ ಕೆಲವೇ ನಿಮಿಷ. ಅದನ್ನೇ ಹೋಲುವ, ದಿನಗಟ್ಟಲೆ ಉಳಿಯುವ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದಾರೆ. ಈ ಕುಟುಂಬದ ಮೊದಲ ಔಷಧದ ಸುಳಿವು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯಲ್ಲಿ. ಅದು 2005ರಲ್ಲಿ ಮಧುಮೇಹದ ಔಷಧವಾಗಿ ಬಂತು. ಆಮೇಲೆ ಬಂದವುಗಳಲ್ಲಿ ಹೆಸರಾದದ್ದು ಸೆಮಾಗ್ಲುಟೈಡ್. ನಾನು ತೆಗೆದುಕೊಳ್ಳುವುದು ಟಿರ್ಜೆಪಟೈಡ್. ಅದು ಮೌಂಜಾರೊ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು.

ಈಗ ನನ್ನ ಸುಳ್ಳಿಗೆ ಬರುತ್ತೇನೆ.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಅತ್ತೆಯವರ ಇನ್ಸುಲಿನ್ ಇದೆ. ಹತ್ತು ವರ್ಷದಿಂದ ಹಾಲಿನ ಪ್ಯಾಕೆಟ್ಟಿನ ಪಕ್ಕದಲ್ಲೇ ಇದೆ. ಬಂದ ನೆಂಟರೂ ನೋಡುತ್ತಾರೆ. ಊಟಕ್ಕೆ ಮೊದಲು ಅತ್ತೆ ಎಲ್ಲರ ಎದುರಿಗೇ ಚುಚ್ಚಿಕೊಳ್ಳುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ನನ್ನ ಔಷಧದ ಪುಟ್ಟ ಸೀಸೆ ಇದ್ದದ್ದು ಅದೇ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಹುಣಸೆ ತೊಕ್ಕಿನ ಜಾಡಿಯ ಹಿಂದೆ, ಒಂದು ಸ್ಟೀಲ್ ಡಬ್ಬಿಯೊಳಗೆ. ಭಾನುವಾರ ಬೆಳಿಗ್ಗೆ ಅತ್ತೆ ಪೂಜೆಗೆ ಕುಳಿತಾಗ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ಅವರದ್ದೂ ಹಾರ್ಮೋನ್, ನನ್ನದೂ ಹಾರ್ಮೋನಿನ ಕೆಲಸ ಮಾಡುವ ಔಷಧ. ಅವರದ್ದು ಕಾಯಿಲೆ, ನನ್ನದು ನಾಲಿಗೆ ಚಪಲ ಎಂದು ಊರು ನಂಬಿದೆ. ನಾನೂ ನಂಬಿದ್ದೆ. ಬಚ್ಚಲಿಗೆ ಹೋಗುತ್ತಿದ್ದದ್ದು ಅದಕ್ಕೇ.

ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ, ಗಣಿತದ ಟೀಚರ್. ಅವರು ಒಪ್ಪಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಅವರ ತೂಕ 78 ಇತ್ತು. ನನ್ನ ಮಾತು ನಂಬಿ ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ಐದೂವರೆಗೆ ನನ್ನ ಜೊತೆ ಕೆರೆಗೆ ಬರತೊಡಗಿದರು. ಚಳಿಗಾಲದಲ್ಲೂ ತಪ್ಪಿಸಲಿಲ್ಲ. ನಾಲ್ಕು ತಿಂಗಳಾಯಿತು. ನಾನು ಇಳಿಯುತ್ತಾ ಹೋದೆ. ಅವರು ಎರಡೂವರೆ ಕೆ.ಜಿ. ಇಳಿದು ಅಲ್ಲೇ ನಿಂತರು. ಒಂದು ದಿನ ತರಗತಿಯಲ್ಲಿ ತಲೆ ಸುತ್ತಿ ಮೇಜು ಹಿಡಿದು ಕುಳಿತರಂತೆ. ಮರುದಿನ ಕೆರೆಯ ಏರಿಯ ಮೇಲೆ ನಿಂತು ಕೇಳಿದರು: "ಅಕ್ಕಾ, ನೀವು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆ. ನನ್ನಲ್ಲೇ ಏನು ಕೊರತೆ?"

ಆ ಕ್ಷಣ ಬಾಯಿಬಿಟ್ಟು ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಂದದ್ದು ಇಷ್ಟು: "ನಾಲ್ಕು ತಿಂಗಳು ನನ್ನನ್ನು ನಾನೇ ಬೈದುಕೊಂಡೆನಲ್ಲ ಅಕ್ಕಾ."

ನನ್ನ ಔಷಧದ ಬಗ್ಗೆ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. 2,539 ಜನ, 72 ವಾರ. ಎಲ್ಲರಿಗೂ ಊಟ, ವ್ಯಾಯಾಮದ ಬಗ್ಗೆ ಒಂದೇ ಸಲಹೆ. ಔಷಧದ 5 ಮಿಲಿಗ್ರಾಂ ಪ್ರಮಾಣ ಪಡೆದವರು ಸರಾಸರಿ ಶೇ 15ರಷ್ಟು ತೂಕ ಇಳಿದರು. ಔಷಧವಿಲ್ಲದ ಇಂಜೆಕ್ಷನ್ ಪಡೆದವರು ಸುಮಾರು ಶೇ 3ರಷ್ಟು. ನನ್ನ ಗೆಳತಿಯ 78 ಕೆ.ಜಿ.ಗೆ ಶೇ 3 ಎಂದರೆ ಎಷ್ಟು, ಲೆಕ್ಕ ಹಾಕಿ ನೋಡಿ. ಎರಡು ಕೆ.ಜಿ. ಮುನ್ನೂರ ನಲವತ್ತು ಗ್ರಾಂ. ಅವರು ಎಲ್ಲೂ ಸೋತಿರಲಿಲ್ಲ. ಊಟ, ನಡಿಗೆಯಿಂದ ಎಷ್ಟು ಸಾಧ್ಯವೋ ಅಷ್ಟನ್ನು ಪೂರ್ತಿ ಮಾಡಿದ್ದರು. ಸೋತೆ ಎಂದು ಅವರು ನಂಬಿದ್ದು ನನ್ನ ಸುಳ್ಳಿನಿಂದ. ಔಷಧ ತೆಗೆದುಕೊಂಡು "ವಾಕಿಂಗ್‌ನಿಂದ" ಎಂದು ಹೇಳುವವರೆಲ್ಲರಿಗೂ, ಪರದೆಯ ಮೇಲೆ ಬರುವವರಿಗೂ, ಈ ಊರಿನ ನನ್ನಂಥವರಿಗೂ ಕೇಳುತ್ತೇನೆ: ನಮ್ಮ ಮಾನ ಉಳಿಸಿಕೊಳ್ಳಲು ಇನ್ನೊಬ್ಬರ ಮಾನ ಏಕೆ ಕಳೆಯಬೇಕು?

ಹಾಗೆಂದು ನಾಳೆಯೇ ಮೆಡಿಕಲ್ ಶಾಪಿಗೆ ಓಡಬೇಡಿ. ನಾನು ಮೊದಲು ಹೋದ ವೈದ್ಯರು ಎರಡೇ ನಿಮಿಷದಲ್ಲಿ ಚೀಟಿ ಬರೆದುಕೊಟ್ಟರು, ಒಂದು ಪ್ರಶ್ನೆ ಕೇಳಲಿಲ್ಲ. ಆ ಚೀಟಿಯನ್ನು ನಾನು ಉಪಯೋಗಿಸಲಿಲ್ಲ. ಎರಡನೆಯವರು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಬಂದಿತ್ತೇ, ಪಿತ್ತಕೋಶದಲ್ಲಿ ಕಲ್ಲಿದೆಯೇ, ಮೇದೋಜೀರಕ ಗ್ರಂಥಿ ಊದಿಕೊಂಡದ್ದುಂಟೇ, ಗರ್ಭಿಣಿಯಾಗುವ ಯೋಚನೆಯಿದೆಯೇ ಎಂದು ಒಂದೊಂದಾಗಿ ಕೇಳಿದರು. 2.5 ಮಿಲಿಗ್ರಾಂನಿಂದ ಶುರು, ನಾಲ್ಕು ವಾರದ ನಂತರ 5. ಪ್ರಮಾಣ ಏರಿಸಿದ ವಾರ ನಾನು ನೆಂಟರ ಮದುವೆಯಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ತಿಂದು ರಾತ್ರಿಯಿಡೀ ವಾಂತಿ ಮಾಡಿಕೊಂಡೆ. ಹೊಟ್ಟೆ ಖಾಲಿಯಾಗುವುದು ನಿಧಾನವಾದಾಗ ಕರಿದದ್ದು ಅಲ್ಲೇ ಕುಳಿತಿರುತ್ತದೆ. ಮಲಬದ್ಧತೆ ಈಗಲೂ ಇದೆ. ನಾಲ್ಕನೆಯ ತಿಂಗಳು ಬಾಚಣಿಗೆ ತುಂಬ ಕೂದಲು ಬಂತು. ತೂಕ ಬೇಗ ಇಳಿದರೆ ಹೀಗಾಗುತ್ತದೆ, ಮತ್ತೆ ಬರುತ್ತದೆ ಎಂದರು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ ಎಂದು ಹೆಸರುಕಾಳು, ಕಡಲೆ, ಮೊಸರು, ಮೊಟ್ಟೆ ತಪ್ಪದೆ ತಿನ್ನಲು ಹೇಳಿ, ಎರಡು ಡಂಬೆಲ್ ಕೊಳ್ಳಿಸಿದರು. ಭಾರತದಲ್ಲಿ ಸೆಮಾಗ್ಲುಟೈಡ್ ಪೇಟೆಂಟಿನ ಅವಧಿ 2026ರ ಮಾರ್ಚ್‌ನಲ್ಲಿ ಮುಗಿಯಿತು. ಈಗ ಬೇರೆ ಕಂಪನಿಗಳೂ ಅದನ್ನು ತಯಾರಿಸಿ ಅಗ್ಗಕ್ಕೆ ಮಾರಬಹುದು. ಅಗ್ಗವಾಗಲಿ ಎಂದು ನಾನೂ ಬಯಸುತ್ತೇನೆ. ಆದರೆ "ಮಗಳ ಮದುವೆಗೆ ಎರಡು ತಿಂಗಳಿದೆ, ಆ ಇಂಜೆಕ್ಷನ್ ಹೆಸರು ಹೇಳಿ, ಡಾಕ್ಟರ್ ಏನೂ ಬೇಡ" ಎಂದು ಈಗಾಗಲೇ ಮೂವರು ನನ್ನನ್ನು ಕೇಳಿದ್ದಾರೆ. ಮೂವರಿಗೂ ಹೆಸರು ಹೇಳಲಿಲ್ಲ.

ಹಣದ ಮಾತು. ನಾನು ಶುರು ಮಾಡಿದಾಗ 5 ಮಿಲಿಗ್ರಾಂನ ಒಂದು ಸೀಸೆಗೆ 4,375 ರೂಪಾಯಿ. ತಿಂಗಳಿಗೆ ನಾಲ್ಕು, ಅಂದರೆ 17,500. ಬಂಗಾರಕ್ಕೆಂದು ಕಟ್ಟುತ್ತಿದ್ದ ಚೀಟಿಯನ್ನು ಎತ್ತಿ ಇದಕ್ಕೆ ಹಾಕಿದೆ. ದುಗ್ಗಮ್ಮನ ಜಾತ್ರೆಯ ಸಮಯದಲ್ಲಿ ಮನೆ ತುಂಬ ನೆಂಟರು, ಖರ್ಚು ಕೈಮೀರಿತ್ತು. ಒಂದೂವರೆ ತಿಂಗಳು ಬಿಟ್ಟೆ. ಎರಡನೆಯ ವಾರವೇ ತಲೆಯೊಳಗೆ ಚಕ್ಕುಲಿಯ ಲೆಕ್ಕ ಮತ್ತೆ ಶುರುವಾಯಿತು. ನಾಲ್ಕು ಕೆ.ಜಿ. ಮರಳಿ ಬಂತು. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲೂ ಇಳಿದ ತೂಕದ ಮೂರನೇ ಎರಡರಷ್ಟು ಮರಳಿತ್ತು. ಬಿ.ಪಿ. ಮಾತ್ರೆ ಬಿಟ್ಟರೆ ಬಿ.ಪಿ. ಏರಿದಂತೆ ಇದು. ಶುರು ಮಾಡುವ ಮೊದಲೇ ಯಾರಾದರೂ ಇದನ್ನು ನನಗೆ ಬಿಡಿಸಿ ಹೇಳಬೇಕಿತ್ತು: ಇದು ಆರು ತಿಂಗಳ ಕೋರ್ಸ್ ಅಲ್ಲ. ಮತ್ತೆ ಕಡಿಮೆ ಪ್ರಮಾಣದಿಂದ ಹತ್ತಬೇಕಾಯಿತು. ಈಗ ನನ್ನ ತೂಕ 78.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರೊಬ್ಬರ ಮಂಡಿ ನನ್ನದಕ್ಕಿಂತ ಕೆಟ್ಟಿದೆ. ತೂಕವೂ ನನಗಿಂತ ಹೆಚ್ಚು. ಕೊಳಗ ಇಳಿಸುವಾಗ ಅವರು ಹಲ್ಲು ಕಚ್ಚುವುದನ್ನು ದಿನವೂ ನೋಡುತ್ತೇನೆ. ನನ್ನ ಒಂದು ಸೀಸೆಯ ಬೆಲೆ ಅವರ ತಿಂಗಳ ಗೌರವಧನದ ಹತ್ತಿರ ಹೋಗುತ್ತದೆ. ಅವರಿಗೂ ಜನ ಹೇಳುವುದು ಬಾಯಿ ಕಟ್ಟಲು. ನನಗೆ ಈ ಔಷಧದ ಬಗ್ಗೆ ಸಂಕಟವಿದ್ದರೆ ಅದು ಇಲ್ಲಿ.

ಗಣಿತದ ಟೀಚರ್‌ಗೆ ಹೇಳಿದ ದಿನ ಸಂಜೆಯೇ ಅತ್ತೆಯವರಿಗೂ ಹೇಳಿದೆ. ಅವರು ಹೆದರಿದರು. ಅವರ ತಂಗಿಯ ಮಗಳು ಹಿಂದೆ ತೂಕ ಇಳಿಸುವ ಮಾತ್ರೆ ನುಂಗಿ ಎದೆ ಡವಗುಟ್ಟಿ ಆಸ್ಪತ್ರೆ ಸೇರಿದ್ದಳು. ಅವರ ಹೆದರಿಕೆ ಸುಳ್ಳಲ್ಲ. ಸಿಬುಟ್ರಮಿನ್ ಎಂಬ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆಂದು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು, ಆಮೇಲೆ ಭಾರತದಲ್ಲೂ ನಿಷೇಧವಾಯಿತು. ಅದೇ ಬೇರೆ, ಇದೇ ಬೇರೆ ಎಂದು ವಿವರಿಸಿದೆ. ಪೂರ್ತಿ ಒಪ್ಪಿದರೆಂದು ಹೇಳಲಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋಗಿ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಪಕ್ಕದ ನಿಂಬೆಹಣ್ಣುಗಳನ್ನು ತೆಗೆದು ಜಾಗ ಮಾಡಿದರು. "ಅಲ್ಲಿ ಹಿಂದೆ ಮಂಜುಗಡ್ಡೆ ಕಟ್ಟುತ್ತದೆ, ಔಷಧ ಹಾಳಾಗುತ್ತದೆ. ಇಲ್ಲಿಡು" ಎಂದರು.

ಈಗ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಅವರೇ ಕೂಗುತ್ತಾರೆ: "ಸೂಜಿ ಹಾಕಿಕೊಂಡೆಯೇನೇ?" ಪಕ್ಕದ ಮನೆಗೂ ಕೇಳಿಸುತ್ತದೆ.